ಅಪ್ಪನ ವಯಸ್ಸು ಸೊನ್ನೆ ಬಂದರೆ

ಪ್ರಶ್ನೆ: ಸಮೀಕರಣ ಕೊಟ್ಟರೆ ಬಿಡಿಸುತ್ತೇನೆ, ವಾಕ್ಯರೂಪದ ಲೆಕ್ಕದಲ್ಲಿ ಎಡವುತ್ತೇನೆ. ‘5 ವರ್ಷಗಳ ಹಿಂದೆ ತಂದೆಯ ವಯಸ್ಸು ಮಗನ ವಯಸ್ಸಿನ 7 ಪಟ್ಟು ಇತ್ತು. 5 ವರ್ಷಗಳ ನಂತರ 3 ಪಟ್ಟು ಆಗುತ್ತದೆ. ಈಗ ಅವರ ವಯಸ್ಸೆಷ್ಟು?’ ನನಗೆ ಇಬ್ಬರದೂ ಸೊನ್ನೆ ಬಂತು!

ಉತ್ತರ: ಆವರಣ ಬಿಟ್ಟಿದ್ದೀರಿ. ತಂದೆಯ ಈಗಿನ ವಯಸ್ಸು ಅ, ಮಗನದು ಬ ಎಂದಿರಲಿ. ನೀವು ಬರೆದದ್ದು ಅ − 5 = 7ಬ − 5 ಮತ್ತು ಅ + 5 = 3ಬ + 5 ಇರಬೇಕು. ಎರಡೂ ಬದಿಯ 5 ಹೊಡೆದುಹೋಗಿ ಅ = 7ಬ, ಅ = 3ಬ ಉಳಿಯುತ್ತವೆ. ಎರಡಕ್ಕೂ ಹೊಂದುವುದು ಸೊನ್ನೆಯೊಂದೇ. 7 ಪಟ್ಟು ಮಾಡಬೇಕಾದದ್ದು ಮಗನ ಅಂದಿನ ವಯಸ್ಸನ್ನು, ಅಂದರೆ (ಬ − 5) ಅನ್ನು.

ಸರಿಯಾದ ಜೋಡಿ: ಅ − 5 = 7(ಬ − 5), ಅ + 5 = 3(ಬ + 5). ಬಿಡಿಸಿ ಬರೆದರೆ ಅ − 7ಬ = −30, ಅ − 3ಬ = 10. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 4ಬ = 40. ಮಗನಿಗೆ 10, ತಂದೆಗೆ 40. ತಾಳೆ ನೋಡುವಾಗ ನಿಮ್ಮ ಸಮೀಕರಣಕ್ಕೆ ಹಾಕಿ ನೋಡಬೇಡಿ. ಸಮೀಕರಣವೇ ತಪ್ಪಿದ್ದರೂ ಅದು ತಾಳೆಯಾಗುತ್ತದೆ, ನಿಮ್ಮ ಸೊನ್ನೆ ಆದಂತೆ. ಪ್ರಶ್ನೆಯ ಮಾತಿಗೇ ಹಾಕಿ: ಅಂದು 35 ಮತ್ತು 5, ಮುಂದೆ 45 ಮತ್ತು 15. ಸರಿ.

ವಯಸ್ಸಿನ ಲೆಕ್ಕಕ್ಕೆ ‘ಹಿಂದೆ, ಈಗ, ಮುಂದೆ’ ಎಂಬ ಮೂರು ಕಂಬಸಾಲಿನ ಪುಟ್ಟ ಕೋಷ್ಟಕ ಹಾಕಿಕೊಂಡರೆ ಈ ತಪ್ಪು ಆಗುವುದೇ ಕಡಿಮೆ. ಆದರೆ ಎಲ್ಲೆಡೆ ಆವರಣ ಹಾಕುವ ಚಾಳಿಯೂ ಬೇಡ: ‘ಮಗನ ವಯಸ್ಸಿನ 3 ಪಟ್ಟಿಗಿಂತ 5 ಕಡಿಮೆ’ ಎಂದಿದ್ದರೆ ಅದು 3ಬ − 5 ಮಾತ್ರ.

ಪ್ರಶ್ನೆ: ಎರಡಂಕಿಯ ಸಂಖ್ಯೆ, ಅಂಕಿಗಳ ಮೊತ್ತ 12, ಅಂಕಿಗಳನ್ನು ಅದಲುಬದಲು ಮಾಡಿದರೆ 18 ಹೆಚ್ಚುತ್ತದೆ. ಹೇಗೆ ಬರೆಯಲಿ?

ಉತ್ತರ: ಹತ್ತರ ಸ್ಥಾನದಲ್ಲಿ ಅ, ಬಿಡಿ ಸ್ಥಾನದಲ್ಲಿ ಬ ಇದ್ದರೆ ಸಂಖ್ಯೆ 10ಅ + ಬ. ಅಬ ಎಂದು ಬರೆದರೆ ಅದು ಗುಣಲಬ್ಧವಾಗುತ್ತದೆ. (10ಬ + ಅ) − (10ಅ + ಬ) = 18, ಅಂದರೆ 9(ಬ − ಅ) = 18, ಬ − ಅ = 2. ಅ + ಬ = 12 ಜೊತೆ ಕೂಡಿಸಿದರೆ ಬ = 7, ಅ = 5. ಸಂಖ್ಯೆ 57. ವ್ಯತ್ಯಾಸ ಯಾವಾಗಲೂ 9ರ ಗುಣಕವೇ ಆಗಿರುವುದರಿಂದ ಯಾರಾದರೂ ‘20 ಹೆಚ್ಚುತ್ತದೆ’ ಎಂದರೆ ಲೆಕ್ಕ ಮಾಡುವ ಶ್ರಮವೇ ಬೇಡ. ಅಂಥ ಸಂಖ್ಯೆ ಇಲ್ಲ.

ಪ್ರಶ್ನೆ: ದೋಣಿಯ ಲೆಕ್ಕದಲ್ಲಿ ಛೇದದಲ್ಲಿ ಅಕ್ಷರ ಬಂದು ತೊಡಕಾಗುತ್ತದೆ. ಪ್ರವಾಹದ ವಿರುದ್ಧ 20 ಕಿ.ಮೀ., ಪ್ರವಾಹದೊಂದಿಗೆ 30 ಕಿ.ಮೀ. ಹೋಗಲು 7 ಗಂಟೆ. ವಿರುದ್ಧ 30, ಜೊತೆಗೆ 20 ಹೋಗಲು 8 ಗಂಟೆ.

ಉತ್ತರ: ವೇಗವನ್ನು ಬಿಟ್ಟು, 1 ಕಿ.ಮೀ.ಗೆ ಹಿಡಿಯುವ ಸಮಯವನ್ನೇ ಅಕ್ಷರ ಮಾಡಿಕೊಳ್ಳಿ: ವಿರುದ್ಧ ಪ ಗಂಟೆ, ಜೊತೆಗೆ ಮ ಗಂಟೆ. ಆಗ 20ಪ + 30ಮ = 7, 30ಪ + 20ಮ = 8. ಸಹಗುಣಕಗಳು ಹೀಗೆ ಅದಲುಬದಲಾಗಿದ್ದರೆ ಗುಣಿಸಿ ವರ್ಜಿಸುವ ಗೋಜಿಲ್ಲ. ಕೂಡಿಸಿದರೆ ಪ + ಮ = 0.3, ಕಳೆದರೆ ಪ − ಮ = 0.1. ಪ = 0.2, ಮ = 0.1.

ಹೆಚ್ಚಿನವರು ಇಲ್ಲೇ ನಿಲ್ಲಿಸಿ ಅಂಕ ಕಳೆದುಕೊಳ್ಳುತ್ತಾರೆ. ಇವು ವೇಗಗಳಲ್ಲ, ತಿರುವಿದರೆ ವಿರುದ್ಧ ವೇಗ ಗಂಟೆಗೆ 5 ಕಿ.ಮೀ., ಜೊತೆಗಿನದು 10. ಪ್ರಶ್ನೆ ನಿಶ್ಚಲ ನೀರಿನಲ್ಲಿ ದೋಣಿಯ ವೇಗವನ್ನು ಕೇಳಿದ್ದರೆ ಇನ್ನೂ ಒಂದು ಹೆಜ್ಜೆ ಇದೆ: ಮೊತ್ತದ ಅರ್ಧ 7.5 ದೋಣಿಯದು, ವ್ಯತ್ಯಾಸದ ಅರ್ಧ 2.5 ಪ್ರವಾಹದ್ದು.

ಪ್ರಶ್ನೆ: ಬಿಡಿಸುತ್ತಾ ಹೋದರೆ 0 = 0 ಬಂತು. ಉತ್ತರ ಸೊನ್ನೆಯೇ?

ಉತ್ತರ: ಅಲ್ಲ. ನಿಮ್ಮ ಎರಡನೇ ವಾಕ್ಯ ಹೊಸದೇನನ್ನೂ ಹೇಳಿಲ್ಲ. 2 ಪೆನ್ನು, 3 ಪುಸ್ತಕದ ತೂಕ 700 ಗ್ರಾಂ. 4 ಪೆನ್ನು, 6 ಪುಸ್ತಕದ್ದು 1400 ಗ್ರಾಂ ಎಂದಂತೆ. ಉತ್ತರಗಳು ಅಸಂಖ್ಯ. ಅದೇ 1500 ಗ್ರಾಂ ಎಂದಿದ್ದರೆ 0 = 100 ಬರುತ್ತಿತ್ತು, ಆಗ ಉತ್ತರವೇ ಇಲ್ಲ. ಒಂದೇ ವಾಕ್ಯದಿಂದ ಎರಡು ಸಮೀಕರಣ ಮಾಡಿಕೊಂಡಾಗಲೂ 0 = 0 ಬರುವುದುಂಟು; ಪ್ರಶ್ನೆಯನ್ನು ಮತ್ತೊಮ್ಮೆ ಓದಿ, ಬಳಸದೆ ಬಿಟ್ಟ ಮಾತು ಇದೆಯೇ ನೋಡಿ.