ಜನ ಕಡಿಮೆಯಾದ ಮಾತ್ರಕ್ಕೆ ಜಪಾನ್ ಕೈಬೀಸಿ ಕರೆಯುತ್ತದೆಯೇ?

ಸಾಫ್ಟ್‌ವೇರ್ ಕೆಲಸದ ಮೇಲೆ ಬೆಂಗಳೂರಿನಿಂದ ಟೋಕಿಯೋಗೆ ಹೊರಟಿರುವ ನೀವು, ಜನಸಂಖ್ಯೆ ಕುಸಿಯುತ್ತಿರುವ ಈ ದೇಶ ಹೊರಗಿನವರನ್ನು ಮನಸಾರೆ ಬರಮಾಡಿಕೊಳ್ಳುತ್ತದೆಯೇ, ಹೆಂಡತಿ ಮಕ್ಕಳೊಂದಿಗೆ ಇಲ್ಲೇ ನೆಲೆಸಿ ಮುಂದೆ ತಂದೆತಾಯಿಯರನ್ನೂ ಕರೆಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಬಹುಕಾಲದಿಂದ ಇಲ್ಲಿ ಸಂಸಾರ ಹೂಡಿರುವ ನನಗೆ ಕಂಡಂತೆ, ದುಡಿಯುವವನಿಗೆ ಸ್ವಾಗತವೇನೋ ಇದೆ. ಅವನ ಕುಟುಂಬದ ವಿಷಯ ಬಂದಾಗ ಲೆಕ್ಕಾಚಾರ ಬೇರೆಯಾಗುತ್ತದೆ.

2008ರ ಸುಮಾರಿಗೆ 12.8 ಕೋಟಿ ತಲುಪಿದ್ದ ಜನಸಂಖ್ಯೆ ಆಮೇಲೆ ಇಳಿಮುಖವಾಗಿದ್ದು, 2024ರಲ್ಲಿ ಹುಟ್ಟಿದ ಜಪಾನಿ ಮಕ್ಕಳ ಸಂಖ್ಯೆ 7 ಲಕ್ಷವನ್ನೂ ಮುಟ್ಟಲಿಲ್ಲ. ವೃದ್ಧರ ಆರೈಕೆ, ಕಟ್ಟಡ ಕೆಲಸ, ಕೃಷಿ ಮೊದಲಾದವುಗಳಿಗೆ ಆಳು ಸಿಗದೆ ಸರ್ಕಾರ 2019ರ ಏಪ್ರಿಲ್‌ನಲ್ಲಿ ‘ನಿರ್ದಿಷ್ಟ ಕೌಶಲ’ದ ವೀಸಾ ಆರಂಭಿಸಿತು. ಆದರೆ ಅದರ ಆರಂಭಿಕ ದರ್ಜೆಯಲ್ಲಿ ಬಂದವರು ಕುಟುಂಬವನ್ನು ಕರೆತರುವಂತಿಲ್ಲ. ಇದು ವಲಸೆ ನೀತಿಯಲ್ಲ ಎಂದು ಅಂದಿನ ಪ್ರಧಾನಿ ಶಿಂಜೊ ಅಬೆ ಮತ್ತೆ ಮತ್ತೆ ಸ್ಪಷ್ಟಪಡಿಸಿದ್ದರು.

ಎಂಜಿನಿಯರ್ ವೀಸಾದಲ್ಲಿ ಬರುವ ನಿಮಗೆ ಈ ನಿರ್ಬಂಧ ಇಲ್ಲ. ಆದರೂ ಅವಲಂಬಿತ ವೀಸಾದಲ್ಲಿ ಬರುವ ನಿಮ್ಮ ಮನೆಯವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಕಾಯಂ ವಾಸದ ಪರವಾನಗಿಗೆ ಸಾಮಾನ್ಯವಾಗಿ 10 ವರ್ಷ ಕಾಯಬೇಕು. ವಯಸ್ಸು, ಪದವಿ, ಸಂಬಳ, ಭಾಷೆ ಇವುಗಳನ್ನು ಅಳೆಯುವ ಅಂಕಪದ್ಧತಿಯಲ್ಲಿ 70 ಅಂಕ ಬಂದವರು 3 ವರ್ಷಕ್ಕೆ, 80 ಬಂದವರು ಒಂದೇ ವರ್ಷಕ್ಕೆ ಅರ್ಜಿ ಹಾಕಲು 2017ರ ತಿದ್ದುಪಡಿ ಅವಕಾಶ ಕೊಟ್ಟಿತು. ತಂದೆತಾಯಿಯರ ವಿಷಯದಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. 70 ಅಂಕ ಬಂದವರಿಗೆ ಸಿಗುವ ಉನ್ನತ ಕೌಶಲದ ವೀಸಾ ಇದ್ದು, ಮನೆಯ ಆದಾಯ ವರ್ಷಕ್ಕೆ 80 ಲಕ್ಷ ಯೆನ್ ದಾಟಿದ್ದರೂ, ಏಳು ವರ್ಷದೊಳಗಿನ ಮಗುವನ್ನು ನೋಡಿಕೊಳ್ಳಲೆಂದೋ ಬಸುರಿಯ ಆರೈಕೆಗೆಂದೋ ಕೆಲಕಾಲ ಇರಲು ಬಿಡುತ್ತಾರೆಯೇ ಹೊರತು, ಮುಪ್ಪಿನಲ್ಲಿ ಮಗನ ಮನೆಯಲ್ಲಿರಲೆಂದೇ ಕೊಡುವ ವೀಸಾ ಇಲ್ಲ.

ಸ್ವಾಗತದ ನಿಜವಾದ ಪರೀಕ್ಷೆ ನಡೆಯುವುದು ಬಾಡಿಗೆ ಮನೆ ಹುಡುಕುವಾಗ. ಬ್ರೋಕರ್ ನಮ್ಮ ಮುಂದೆಯೇ ಮನೆಮಾಲೀಕರಿಗೆ ಫೋನ್ ಮಾಡಿ, ‘ವಿದೇಶಿಯರು, ಆದರೆ ಜಪಾನಿ ಮಾತಾಡುತ್ತಾರೆ’ ಎಂದು ನಯವಾಗಿ ವಿವರಿಸಿ, ಕ್ಷಣ ಬಿಟ್ಟು, ಫೋನ್ ಇಟ್ಟು ನಮಗೆ ತಲೆಬಾಗಿ ಕ್ಷಮೆ ಕೇಳುತ್ತಾನೆ. ಸಿಟ್ಟು ಮಾಡಲೂ ಆಗದಷ್ಟು ವಿನಯ! ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರ ಪೈಕಿ ಶೇ. 39ರಷ್ಟು ಮಂದಿ ತಾವು ವಿದೇಶಿಯರೆಂಬ ಕಾರಣಕ್ಕೆ ಮನೆ ಸಿಗಲಿಲ್ಲವೆಂದು ಹೇಳಿದ್ದರು. ಸಿಕ್ಕ ಮನೆಗೂ ಹಲವೆಡೆ ‘ರೇಕಿನ್’ ಎಂಬ ಕಾಣಿಕೆ ಕೊಡಬೇಕು. ಬೆಂಗಳೂರಿನ ಅಡ್ವಾನ್ಸ್‌ನಂತೆ ಅದು ಮರಳಿ ಬರುವ ಹಣವಲ್ಲ. ಟೋಕಿಯೋದಲ್ಲಿ ನಮ್ಮ ಭಾರತೀಯರು ಹೆಚ್ಚಾಗಿರುವ ನಿಶಿ ಕಸಾಯಿಯ ಸುತ್ತಮುತ್ತ ಯುಆರ್ ಎಂಬ ಅರೆಸರ್ಕಾರಿ ಸಂಸ್ಥೆಯ ವಸತಿ ಸಮುಚ್ಚಯಗಳಿವೆ; ಅಲ್ಲಿ ರೇಕಿನ್ ಇಲ್ಲ, ಜಾಮೀನುದಾರರೂ ಬೇಕಿಲ್ಲ.

ನೆರೆಹೊರೆಯವರಿಂದ ನನಗೆ ಕೇಡಾಗಿಲ್ಲ, ಆದರೆ ರಾಜಕೀಯದ ಗಾಳಿ ಬದಲಾಗಿದೆ. 2025ರ ಜುಲೈನ ಮೇಲ್ಮನೆ ಚುನಾವಣೆಯಲ್ಲಿ ‘ಜಪಾನಿಯರೇ ಮೊದಲು’ ಎಂದ ಸಾನ್ಸೆಯಿತೋ ಪಕ್ಷ 14 ಸ್ಥಾನ ಗೆದ್ದ ಮೇಲೆ ಬೇರೆ ಪಕ್ಷಗಳ ಮಾತೂ ಬಿಗಿಯಾಗಿದೆ. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನಿಮ್ಮ ಅಂಕಗಳನ್ನು ಲೆಕ್ಕ ಹಾಕಿಕೊಂಡು, 70 ಇದ್ದರೆ ಉನ್ನತ ಕೌಶಲದ ವೀಸಾಕ್ಕೇ ಅರ್ಜಿ ಹಾಕುವಂತೆ ಕಂಪನಿಯನ್ನು ಕೇಳಿ. ಮೊದಲ ಬಾಡಿಗೆ ಮನೆಯ ಕರಾರನ್ನು ಕಂಪನಿಯ ಹೆಸರಿನಲ್ಲೇ ಮಾಡಿಸಿಕೊಳ್ಳಿ.