ಜಪಾನ್ ಪ್ರಧಾನಿ ಒಂದು ಬೈಗುಳ ಬೈದಿದ್ದಕ್ಕೆ ಸರ್ಕಾರ ಬಿದ್ದು ಎಲೆಕ್ಷನ್ ಆಯ್ತಂತೆ, ನಿಜಾನಾ? ಆಮೇಲೆ ಅವ್ರು ಸೋತ್ರಾ?

ಎಲೆಕ್ಷನ್ ಆಗಿದ್ದು ನಿಜ, 1953ರ ಏಪ್ರಿಲ್ 19ಕ್ಕೆ. ಆದ್ರೆ ಬರೀ ಬೈಗುಳದಿಂದ ಆಯ್ತು ಅನ್ನೋದನ್ನ ನಾನಂತೂ ಒಪ್ಪಲ್ಲ.

ಫೆಬ್ರವರಿ 28ಕ್ಕೆ ಕೆಳಮನೆಯ ಬಜೆಟ್ ಕಮಿಟಿ ನಡೀತಿತ್ತು. ಸೋಷಿಯಲಿಸ್ಟ್ ಪಾರ್ಟಿಯ ಬಲ ಬಣದ ನಿಶಿಮುರಾ ಎಯಿಚಿ ಪ್ರಶ್ನೆ ಮೇಲೆ ಪ್ರಶ್ನೆ ಹಾಕ್ತಾ, ಬೇರೆ ದೇಶದ ನಾಯಕರು ಹೇಳಿದ್ದು ಬೇಡ, ಜಪಾನಿನ ಪ್ರಧಾನಿಯಾಗಿ ನೀವೇನ್ ಹೇಳ್ತೀರೋ ಅದನ್ನ ಹೇಳಿ ಅಂತ ಕೆಣಕಿದ್ರು. ಪ್ರಧಾನಿ ಯೋಶಿದಾ ಶಿಗೆರುಗೆ ಆಗ 74 ವರ್ಷ, ಕೋಪ ಯಾವಾಗ್ಲೂ ಮೂಗಿನ ತುದೀಲೇ. ಕೂತ್ಕೊಳ್ತಾ "ಬಕಾಯಾರೋ" ಅಂತ ಗೊಣಗಿದ್ರು, ನಮ್ಮ ಕಡೆ "ಮುಠ್ಠಾಳ ನನ್ಮಗ" ಅಂದಂಗೆ. ಕೂಗಿ ಬೈದಿದ್ದೇನಲ್ಲ, ಬಾಯೊಳಗೇ ಅಂದಿದ್ದು, ಹಾಳಾದ್ ಮೈಕ್ ಅದನ್ನ ಹಿಡ್ಕೊಂಡ್ಬಿಡ್ತು. ಅಲ್ಲೇ ಮಾತು ವಾಪಸ್ ತಗೊಂಡ್ರು ಕೂಡ.

ಅಲ್ಲಿಗೆ ಮುಗೀಬೇಕಿತ್ತು, ಆದ್ರೆ ಯೋಶಿದಾ ಅವ್ರ ಲಿಬರಲ್ ಪಾರ್ಟಿಯೊಳಗೇ ಹಳೇ ಜಗಳ ಹೊಗೆಯಾಡ್ತಿತ್ತಲ್ಲ. 1946ರ ಎಲೆಕ್ಷನ್ನಲ್ಲಿ ಲಿಬರಲ್ ಪಾರ್ಟೀನ ಮೊದಲ ಸ್ಥಾನಕ್ಕೆ ತಂದಿದ್ದು ಹಾತೋಯಾಮಾ ಇಚಿರೋ, ಇನ್ನೇನು ಪ್ರಧಾನಿ ಆಗ್ಬೇಕು ಅನ್ನೋವಾಗ, ಯುದ್ಧ ಸೋತ ಜಪಾನನ್ನ ಆಗ ಆಳ್ತಿದ್ದ ಅಮೆರಿಕನ್ ಆಡಳಿತ ಅವ್ರನ್ನ ರಾಜಕೀಯದಿಂದಲೇ ಹೊರಗೆ ಹಾಕ್ತು, ಪಾರ್ಟಿ ಯೋಶಿದಾ ಕೈಗೆ ಹೋಯ್ತು. 1951ರಲ್ಲಿ ನಿಷೇಧ ಹೋಗಿ ಹಾತೋಯಾಮಾ ವಾಪಸ್ ಬಂದ್ರೆ ಯೋಶಿದಾ ಕುರ್ಚಿ ಬಿಡ್ತಾನೇ ಇಲ್ಲ! ಆ ಸಿಟ್ಟಿಗೆ ಈ ಒಂದು ಪದ ಸಿಕ್ಕಿದ್ದೇ ಸಾಕಾಯ್ತು. ಹಾತೋಯಾಮಾ ಕಡೆಯೋರು ಪಾರ್ಟಿ ಬಿಟ್ಟು ವಿರೋಧ ಪಕ್ಷದ ಜೊತೆ ಸೇರಿದ್ರು, ಮಾರ್ಚ್ 14ಕ್ಕೆ ಅವಿಶ್ವಾಸ ನಿರ್ಣಯ 229-218ರಲ್ಲಿ ಪಾಸ್ ಆಯ್ತು. ಯೋಶಿದಾ ರಾಜೀನಾಮೆ ಕೊಡೋ ಬದಲು ಸದನಾನೇ ವಿಸರ್ಜನೆ ಮಾಡಿಸಿದ್ರು. ಹಿಂದಿನ ಎಲೆಕ್ಷನ್ ಮುಗಿದು ಆರು ತಿಂಗಳೂ ಆಗಿರ್ಲಿಲ್ಲ ನೋಡಿ.

ರಿಸಲ್ಟ್ ಏನಪ್ಪಾ ಅಂದ್ರೆ, 466 ಸೀಟಲ್ಲಿ ಯೋಶಿದಾ ಲಿಬರಲ್‌ಗಳಿಗೆ 199, ಹಿಂದಿನ ಸಲ 240 ಇತ್ತು, ಅಂದ್ರೆ ಬಹುಮತ ಹೋಯ್ತು. ಆದ್ರೆ ಸಿಡಿದು ಹೋದ ಹಾತೋಯಾಮಾ ಬಣಕ್ಕೆ ಬರೀ 35! ನಿಜವಾಗ್ಲೂ ಲಾಭ ಆಗಿದ್ದು ಸೋಷಿಯಲಿಸ್ಟರಿಗೆ, ಮತ್ತೆ ಸೈನ್ಯ ಕಟ್ಟೋದು ಬೇಡ ಅಂತಿದ್ದ ಎಡ ಬಣ 72ಕ್ಕೆ ಏರಿ, 66 ಬಂದ ಬಲ ಬಣಾನ ಹಿಂದೆ ಹಾಕ್ತು. ಈ ಎರಡು ಸೋಷಿಯಲಿಸ್ಟ್ ಬಣಗಳೂ ಒಂದಾಗ್ಲಿಲ್ಲ, 76 ಸೀಟಿನ ಕೈಶಿಂತೋ ಅನ್ನೋ ಇನ್ನೊಂದು ವಿರೋಧ ಪಕ್ಷಾನೂ ಈ ಸೋಷಿಯಲಿಸ್ಟರ ಜೊತೆ ಸರ್ಕಾರ ಮಾಡ್ಲಿಲ್ಲ. ಹಿಂಗಾಗಿ ಬೈದವರೇ ಅಲ್ಪಮತದಲ್ಲಿ ಮತ್ತೆ ಪ್ರಧಾನಿ.

ಹಾತೋಯಾಮಾ ಕಡೆಗೂ ಆ ಕುರ್ಚಿ ಮೇಲೆ ಕೂತಿದ್ದು 1954ರ ಡಿಸೆಂಬರಲ್ಲಿ, ಎಂಟು ವರ್ಷ ಲೇಟಾಗಿ.