ಕಿಟಕಿ ಮುಚ್ಚಿಕೊಳ್ಳಿ ಅನ್ನಬೇಡಿ

ಸಣ್ಣ ಊರಿನ ಯುವ ಗಿಟಾರ್ ವಾದಕರೊಬ್ಬರ ಪತ್ರ: "ನಮ್ಮೂರಲ್ಲಿ ಬಯಲು ಸಂಗೀತಕ್ಕೆ ಮಿತಿ ಹಾಕಬೇಕು ಅಂತ ಸಭೆ ಮೇಲೆ ಸಭೆ ನಡೆಯುತ್ತಿದೆ. ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್, ಡೆಸಿಬೆಲ್‌ಗೂ ಲೆಕ್ಕ. ಇದು ನಮ್ಮ ಸ್ವಾತಂತ್ರ್ಯಕ್ಕೇ ಕತ್ತರಿ. ಸಹಿಸಲಾಗದವರು ಕಿಟಕಿ ಮುಚ್ಚಿಕೊಳ್ಳಲಿ. ಅವರು ಸಂಗೀತದ್ವೇಷಿಗಳು, ಅಲ್ವಾ?"

ಪ್ರಿಯ ಮಿತ್ರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚೆನ್ನಾಗಿ ಬರೆಯುತ್ತೀರಿ, ಸಿಟ್ಟೂ ಪ್ರಾಮಾಣಿಕವಾಗಿದೆ. ಬಯಲಲ್ಲಿ ಜನ ಸೇರಿ ಹಾಡು ಕೇಳಿದರೆ ಊರಿಗೊಂದು ಕಳೆ, ಕಲಾವಿದರಿಗೆ ನಾಲ್ಕು ಕಾಸು. ಒಪ್ಪಿದೆ. ಆದರೆ ಆ ಕಿಟಕಿಯ ಮಾತು ಇದೆಯಲ್ಲ, ಅದನ್ನು ಸುಮ್ನೆ ಬಿಡಲು ನನಗಾಗುವುದಿಲ್ಲ.

ನನ್ನ ತಾಯಿ ಕಾಯಿಲೆಯಿಂದ ಮಲಗಿದ್ದಾಗ ನಾವೂ ಕಿಟಕಿ ಮುಚ್ಚಿದ್ದೆವು. ಹಾಡಿನ ಮಾತು ನಿಂತಿತು, ರಾಗವೂ ನಿಂತಿತು. ಉಳಿದದ್ದು ಬರೀ ದಢ್, ದಢ್. ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ನೀರಿನ ಲೋಟ ಇತ್ತು. ಒಂದೊಂದು ಏಟಿಗೂ ನೀರಿನ ಮೇಲೆ ಸಣ್ಣ ಉಂಗುರ ಏಳುತ್ತಿತ್ತು. ಕಿಟಕಿ ಗಾಜಿನ ಮೇಲೆ ಅಂಗೈ ಇಟ್ಟು ನೋಡಿದೆ, ಗಾಜು ನಡುಗುತ್ತಿತ್ತು. ಅಮ್ಮನಿಗೆ ಸಂಗೀತ ಅಂದರೆ ಪ್ರಾಣ. ಆ ರಾತ್ರಿ ಅವರು ಕೇಳಿದ್ದು ಒಂದೇ: "ಇನ್ನೂ ಎಷ್ಟು ಹೊತ್ತು?"

ಕಿಟಕಿ ಮುಚ್ಚಿದರೆ ಹೋಗುವುದು ಸಂಗೀತ, ಉಳಿಯುವುದು ಗುದ್ದು. 63 ಹರ್ಟ್ಸ್‌ನ ಬೇಸ್, ಅಂದರೆ ಸೆಕೆಂಡಿಗೆ 63 ಸಲ ಕಂಪಿಸುವ ತಗ್ಗು ಸ್ವರ ಇದ್ದರೆ ಅದರ ಒಂದೊಂದು ಅಲೆಯೂ ಐದು ಮೀಟರಿಗಿಂತ ಉದ್ದ. ಗಾಜು, ಗೋಡೆಗಳು ಎತ್ತರದ ಸ್ವರಗಳನ್ನು ಚೆನ್ನಾಗಿ ತಡೆಯುತ್ತವೆ, ಇದನ್ನು ತಡೆಯಲು ಒದ್ದಾಡುತ್ತವೆ. ಸಾಲದ್ದಕ್ಕೆ, ತಿಳಿಯಾದ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗೆ ಉಳಿದಾಗ ಸದ್ದು ಕೆಳಕ್ಕೆ ಬಾಗಿ ಹಗಲಿಗಿಂತ ದೂರ ಹೋಗುತ್ತದೆ. ಹಾಗಾಗಿ "ಸಂಜೆ ಇಟ್ಟಷ್ಟೇ ವಾಲ್ಯೂಮ್ ಇಟ್ಟಿದ್ದೇವೆ" ಅಂತ ನೀವು ಹೇಳಿದರೂ ಅದು ದೂರದ ಮನೆಗೆ ಜಾಸ್ತಿಯೇ ಆಗಿರಬಹುದು.

ನಿಮ್ಮೂರಿನ ಸಭೆಯಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಸದ್ದು ಅಳೆಯುವ ಮೀಟರ್ ಯಾವ ಲೆಕ್ಕದಲ್ಲಿ ಓದುತ್ತದೆ? ಸಾಮಾನ್ಯವಾಗಿ ಬಳಸುವ 'ಎ' ಮಾಪನ ತಗ್ಗು ಸ್ವರಗಳನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುತ್ತದೆ, 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬೆಲ್ ಕಳೆದು ತೋರಿಸುತ್ತದೆ. ಅದಕ್ಕೇ ಆಯೋಜಕರು "ಮಿತಿಯೊಳಗೇ ಇದ್ದೇವೆ" ಅನ್ನುತ್ತಾರೆ, ಪಕ್ಕದ ಮನೆಯವರು "ಗೋಡೆ ಅಲುಗಾಡುತ್ತಿದೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಗ್ಗು ಸ್ವರಗಳನ್ನೂ ಹೆಚ್ಚುಕಮ್ಮಿ ಪೂರ್ತಿ ಲೆಕ್ಕಕ್ಕೆ ಹಿಡಿಯುವ 'ಸಿ' ಮಾಪನದಲ್ಲಿ ಅದೇ ಸದ್ದಿಗೆ ಒಂದು ಡೆಸಿಬೆಲ್ಲೂ ಕಡಿತವಿಲ್ಲ. ಎರಡನ್ನೂ ಅಳೆಯಲಿ, ಸ್ಟೇಜಿನ ಮುಂದಲ್ಲ, ಮಲಗುವವರ ಕಿಟಕಿಯ ಹತ್ತಿರ. ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯಲ್ಲಿ ನಿರಂತರ ಸದ್ದು 30 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ.

ಇನ್ನು ಸ್ವಾತಂತ್ರ್ಯದ ಮಾತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಜನಾಂಗೀಯ ದ್ವೇಷದ ವಿರುದ್ಧ ರಾಕ್ ಸಂಗೀತ ಕಾರ್ಯಕ್ರಮ ನಡೆಸುತ್ತಿದ್ದ ಗುಂಪೊಂದು ಇದೇ ವಾದ ಹಿಡಿದು ಕೋರ್ಟಿಗೆ ಹೋಗಿತ್ತು. ನಗರದ ಆಡಳಿತ ಹೇಳಿದ್ದು ಇಷ್ಟೇ: ನಮ್ಮ ಸೌಂಡ್ ಸಿಸ್ಟಮ್ ಬಳಸಿ, ನಮ್ಮ ತಂತ್ರಜ್ಞನೇ ಕೂರುತ್ತಾನೆ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ಪರ ನಿಂತಿತು. ವಾಲ್ಯೂಮಿಗೆ ಹಾಕಿದ ಮಿತಿ ಹಾಡಿನ ವಿಷಯಕ್ಕೆ ಹಾಕಿದ ಮಿತಿ ಅಲ್ಲ ಅಂತ. ನನಗೆ ತುಂಬಾ ಸರಿ ಅನ್ನಿಸುವ ತೀರ್ಪು ಇದು.

ದೂರು ಕೊಡುವವರನ್ನು ಆಡಿಕೊಳ್ಳುವುದಂತೂ ಹಳೆಯ ಚಾಳಿ. ಲೆಕ್ಕ ಮಾಡುವ ಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಲಂಡನ್ನಿನ ಬೀದಿ ವಾದ್ಯಗಳ ಕಾಟ ತಾಳಲಾರದೆ ಹೋರಾಡಿದರು, 1864ರಲ್ಲಿ ಕಾನೂನೂ ಬಂತು. ಅದಕ್ಕೆ ಅವರಿಗೆ ಸಿಕ್ಕಿದ್ದು ಬೀದಿಯಲ್ಲಿ ಬೆನ್ನತ್ತಿ ಕೂಗುವ ಜನ. ಆಗಿನ್ನೂ ಸ್ಪೀಕರ್ ಹುಟ್ಟಿರಲಿಲ್ಲ!

ಈಗ ನೋಡಿ, ಮೂವತ್ತು ಜನ ಕೂತ ಕೋಣೆಗೂ ಮೈಕ್ ಬೇಕು. ಮೈಕ್ ಇಲ್ಲದೆ ಕೊನೆ ಸಾಲಿಗೆ ದನಿ ಮುಟ್ಟಿಸುವುದು ಒಂದು ವಿದ್ಯೆಯಾಗಿತ್ತು, ಅದನ್ನು ನಾವು ಮರೆತೇಬಿಟ್ಟಿದ್ದೇವೆ. ದೊಡ್ಡ ದನಿಯಲ್ಲಿ ಹೇಳಿದ್ದೇ ದೊಡ್ಡ ಮಾತು ಅಂತಾಗಿದೆ. ಸಭೆಯಲ್ಲೂ ಹಾಗೆ, ಟೀವಿ ಚರ್ಚೆಯಲ್ಲೂ ಹಾಗೆ. ಮೆಲ್ಲಗೆ ಮಾತಾಡುವವರಿಗೆ ಸರದಿಯೇ ಬರುವುದಿಲ್ಲ.

ನಿಮ್ಮ ಕಿವಿಯ ಚಿಂತೆಯೂ ನನಗಿದೆ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಮಿತಿ, ಮುಂದೆ ಮೂರು ಡೆಸಿಬೆಲ್ ಏರಿದಾಗೆಲ್ಲ ಸಮಯ ಅರ್ಧ ಅನ್ನುವ ಲೆಕ್ಕದಲ್ಲಿ, 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ನೀವು ಸ್ಟೇಜಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ? ಎರಡು ದೈತ್ಯ ಸ್ಪೀಕರುಗಳ ಬದಲು ಕೇಳುಗರ ಹತ್ತಿರ ಸಣ್ಣ ಸಣ್ಣವು ಇಡಿಸಿ, ಮನೆಗಳ ಕಡೆ ಬೆನ್ನು ತಿರುಗಿಸಿ. ನಿಮ್ಮ ಸೌಂಡ್ ಹುಡುಗನಿಗೆ ಇದೆಲ್ಲ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೆ.

ಮುಂದಿನ ಸಲ ಸೌಂಡ್ ಚೆಕ್ ನಡೆಯುವಾಗ ಗಿಟಾರನ್ನು ಗೆಳೆಯರ ಕೈಗೆ ಕೊಟ್ಟು, ದೂರು ಕೊಟ್ಟವರ ಮನೆಗೆ ಒಮ್ಮೆ ಹೋಗಿ ಬನ್ನಿ. ಕಿಟಕಿ ಮುಚ್ಚಲು ಹೇಳಿ. ಗಾಜಿನ ಮೇಲೆ ಅಂಗೈ ಇಡಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.

– ಸಂ.